ಓದುಗರ ಪ್ರಶ್ನೆ: ಉಗ್ರವಾದ ತಡೆಯುವ ಸಂಶೋಧನೆಗೆ ಸರ್ಕಾರದ ಹಣವೇಕೆ?

ಪ್ರಶ್ನೆ: ನನ್ನ ಮಗಳು ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರದ ಸಂಶೋಧಕಿ. ಯುವಕರು ಉಗ್ರವಾದದತ್ತ ವಾಲುವುದೇಕೆ ಎಂಬ ಅಧ್ಯಯನಕ್ಕಾಗಿ ಅವಳ ತಂಡ ಯುರೋಪಿಯನ್ ಒಕ್ಕೂಟದ ಅನುದಾನಕ್ಕೆ ಅರ್ಜಿ ಹಾಕಿದೆ. ಅದರಲ್ಲಿ ಪೊಲೀಸರೂ ಪಾಲುದಾರರಂತೆ. ಇದು ಸಂಶೋಧನೆಯೋ, ಬೇಹುಗಾರಿಕೆಯೋ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಇದು ಸಂಶೋಧನೆಯೇ. ಆದರೂ ತಮ್ಮ ಅನುಮಾನ ನಿರಾಧಾರವಾದದ್ದಲ್ಲ. ಈ ಕ್ಷೇತ್ರದೊಳಗಿನ ವಿದ್ವಾಂಸರು ಕೂಡ ಅದನ್ನೇ ಬೇರೆ ಮಾತುಗಳಲ್ಲಿ ಕೇಳುತ್ತ ಬಂದಿದ್ದಾರೆ.

ಮೊದಲು ಹಣದ ವಿಚಾರ. ಭದ್ರತೆಯ ಕುರಿತಾದ ಸಂಶೋಧನೆಗೆಂದೇ ಒಕ್ಕೂಟವು 2004ರಿಂದ 2006ರವರೆಗೆ ಪ್ರಾಯೋಗಿಕವಾಗಿ 4.5 ಕೋಟಿ ಯೂರೊ ಕೊಟ್ಟಿತು. 2007ರಿಂದ 2013ರ ಅವಧಿಗೆ ಆ ಮೊತ್ತ 140 ಕೋಟಿ ಯೂರೊಗೆ ಏರಿತು. ಈಗ ನಡೆಯುತ್ತಿರುವ, 2021ರಿಂದ 2027ರವರೆಗಿನ ‘ಹೊರೈಜನ್ ಯುರೋಪ್’ ಎಂಬ ಸಂಶೋಧನಾ ಕಾರ್ಯಕ್ರಮಕ್ಕೆ ಆರಂಭದಲ್ಲಿ ನಿಗದಿಯಾದ ಒಟ್ಟು ಮೊತ್ತ ಸುಮಾರು 9,550 ಕೋಟಿ ಯೂರೊ ಆಗಿದ್ದು, ಅದರಲ್ಲಿ ನಾಗರಿಕ ಭದ್ರತೆಯ ವಿಭಾಗಕ್ಕೆ ಮೀಸಲಾದದ್ದು ಸುಮಾರು 160 ಕೋಟಿ, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಗಡಿ ಕಾವಲು, ಸೈಬರ್ ಭದ್ರತೆ, ಪ್ರವಾಹ ಮತ್ತು ಕಾಳ್ಗಿಚ್ಚಿನಂಥ ವಿಪತ್ತುಗಳ ನಿರ್ವಹಣೆ ಎಲ್ಲವೂ ಇದೇ ಗಂಟಿನಿಂದ ಪಾಲು ಪಡೆಯುತ್ತವೆ. ಅಪರಾಧ ಮತ್ತು ಭಯೋತ್ಪಾದನೆಯ ವಿಷಯಗಳಿಗೆ ಸಿಗುವುದು ಉಳಿದ ಭಾಗ. ಅದರಲ್ಲಿಯೂ ಪತ್ತೆಹಚ್ಚುವ ಸಾಧನಗಳಿಗೆ ಹಣ ಒಲಿದಷ್ಟು ಸುಲಭವಾಗಿ, ಒಬ್ಬ ಹುಡುಗ ಏಕೆ ಆ ದಾರಿ ಹಿಡಿಯಲಿಲ್ಲ ಎಂದು ಕೇಳುವ ಅಧ್ಯಯನಕ್ಕೆ ಒಲಿಯುವುದಿಲ್ಲ ಎಂಬುದು ನನ್ನ ಗ್ರಹಿಕೆ. ಸಾಧನವನ್ನು ಮೇಜಿನ ಮೇಲಿಟ್ಟು ತೋರಿಸಬಹುದು, ನಡೆಯದೇ ಹೋದ ಅಪರಾಧವನ್ನು ಹಾಗೆ ತೋರಿಸಲಾಗದು.

ಇನ್ನು ಪೊಲೀಸರ ಪಾಲು. ಪ್ರಯೋಗಾಲಯದಲ್ಲಿ ಹುಟ್ಟಿದ್ದು ಠಾಣೆಯಲ್ಲಿ ಬಳಕೆಗೆ ಬಾರದೆ ಕಪಾಟು ಸೇರಬಾರದೆಂಬ ಕಾರಣಕ್ಕೆ, ಈ ವಿಭಾಗದ ಅನೇಕ ವಿಷಯಗಳಲ್ಲಿ ಬೇರೆ ಬೇರೆ ದೇಶಗಳ ಎರಡು ಮೂರು ಪೊಲೀಸ್ ಸಂಸ್ಥೆಗಳು ಪಾಲುದಾರರಾಗಿರಲೇಬೇಕೆಂಬ ನಿಯಮವಿದೆ. ಉದ್ದೇಶ ಒಳ್ಳೆಯದೇ. ಆದರೆ ‘ನೀನು ಹೇಳಿದ್ದು ನಮ್ಮಿಬ್ಬರ ನಡುವೆಯೇ ಉಳಿಯುತ್ತದೆ’ ಎಂದು ಯುವಕನೊಬ್ಬನಿಗೆ ಮಾತು ಕೊಟ್ಟು ಬಂದ ಸಂಶೋಧಕಿ, ಮರುವಾರ ಅದೇ ಯೋಜನೆಯ ಸಭೆಯಲ್ಲಿ ಪೊಲೀಸ್ ಅಧಿಕಾರಿಯ ಪಕ್ಕದ ಕುರ್ಚಿಯಲ್ಲಿ ಕೂರಬೇಕಾದಾಗ ಆ ಮಾತು ಎಷ್ಟು ಗಟ್ಟಿ ಎಂಬ ಪ್ರಶ್ನೆ ಏಳುತ್ತದೆ. ಅದಕ್ಕಾಗಿಯೇ ಅರ್ಜಿಗಳು ನೈತಿಕ ಪರಿಶೀಲನೆಯನ್ನೂ, ಸೂಕ್ಷ್ಮ ಮಾಹಿತಿಯಿದ್ದರೆ ಭದ್ರತಾ ಪರಿಶೀಲನೆಯನ್ನೂ ದಾಟಬೇಕು. ಸಂದರ್ಶನದ ಕಡತಗಳು ಯಾರ ಬಳಿ ಇರುತ್ತವೆ, ಹೆಸರುಗಳನ್ನು ಯಾವ ಹಂತದಲ್ಲಿ ಅಳಿಸಲಾಗುತ್ತದೆ, ಯಾರಾದರೂ ಹಲ್ಲೆಯ ಯೋಜನೆಯನ್ನೇ ಬಾಯಿಬಿಟ್ಟರೆ ಏನು ಮಾಡಬೇಕು ಎಂಬುದು ಮೊದಲೇ ಬರಹದಲ್ಲಿದೆಯೇ ಎಂದು ತಮ್ಮ ಮಗಳನ್ನು ಕೇಳಿ ನೋಡಿ.

ಒಳ್ಳೆಯ ಉದಾಹರಣೆಯೂ ಇದೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಮುಂದಾಳುತನದಲ್ಲಿ 2017ರಲ್ಲಿ ಆರಂಭವಾದ ‘ಡೇರ್’ ಎಂಬ ಯೋಜನೆಯು 12ರಿಂದ 30ರ ವಯಸ್ಸಿನವರನ್ನು ಅಧ್ಯಯನಕ್ಕೆ ಆರಿಸಿಕೊಂಡಿತು. ಅದು ಇಸ್ಲಾಂ ಹೆಸರಿನ ಉಗ್ರವಾದವನ್ನೂ ಮುಸ್ಲಿಮರನ್ನು ದ್ವೇಷಿಸುವ ಬಲಪಂಥೀಯ ಉಗ್ರವಾದವನ್ನೂ ಒಟ್ಟಿಗೆ ಇಟ್ಟು ನೋಡಿತು. ಮುಖ್ಯವಾಗಿ, ಅಂಥ ಬೋಧನೆ ಸುತ್ತಲೂ ಕಿವಿಗೆ ಬೀಳುತ್ತಿದ್ದರೂ ಹಿಂಸೆಗೆ ಇಳಿಯದವರೇ ಹೆಚ್ಚು ಎಂಬುದನ್ನು ಮರೆಯದೆ, ಅವರನ್ನೂ ಮಾತಾಡಿಸಿತು.

ಪ್ರಶ್ನೆ: ಗಡಿಯಲ್ಲಿ ಸುಳ್ಳು ಹೇಳುವವರನ್ನು ಮುಖ ನೋಡಿಯೇ ಕಂಡುಹಿಡಿಯುವ ಯಂತ್ರಕ್ಕೂ ಈ ಹಣ ಹೋಗಿತ್ತು ಎಂದು ಓದಿದೆ. ನಿಜವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ‘ಐಬಾರ್ಡರ್‌ಕಂಟ್ರೋಲ್’ ಎಂಬ ಯೋಜನೆಗೆ 2016ರಿಂದ 2019ರ ನಡುವೆ ಸುಮಾರು 45 ಲಕ್ಷ ಯೂರೊ ದೊರೆಯಿತು. ಹಂಗೆರಿ, ಗ್ರೀಸ್ ಮತ್ತು ಲಾಟ್ವಿಯಾ ದೇಶಗಳು ಪ್ರಯೋಗಕ್ಕೆ ಒಪ್ಪಿದ್ದವು. ಪರದೆಯ ಮೇಲಿನ ಗೊಂಬೆ ಅಧಿಕಾರಿಯೊಬ್ಬ ಪ್ರಶ್ನೆ ಕೇಳುವಾಗ ಪ್ರಯಾಣಿಕನ ಮುಖದ ಸಣ್ಣ ಸಣ್ಣ ಚಲನೆಗಳನ್ನು ಕ್ಯಾಮೆರಾ ಅಳೆಯುತ್ತಿತ್ತು. ಮೂವತ್ತೆರಡು ಜನರ ಮೇಲೆ ನಡೆದ ಆರಂಭಿಕ ಪರೀಕ್ಷೆಯಲ್ಲಿ ನೂರಕ್ಕೆ 76ರಷ್ಟು ನಿಖರತೆ ಕಂಡುಬಂತೆಂದು ವರದಿಯಾಯಿತು.

76 ಎಂದರೆ ನಮ್ಮ ಪರೀಕ್ಷೆಗಳಲ್ಲಿ ಡಿಸ್ಟಿಂಕ್ಷನ್ ಅಂಕ, ಆದ್ದರಿಂದ ಕಿವಿಗೆ ಹಿತವಾಗಿಯೇ ಕೇಳುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಗಡಿ ದಾಟುವ ಒಂದು ಲಕ್ಷ ಜನರಲ್ಲಿ 100 ಮಂದಿ ಸುಳ್ಳು ಹೇಳುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಯಂತ್ರವು ಅವರಲ್ಲಿ 76 ಜನರನ್ನು ಹಿಡಿಯುತ್ತದೆ. ಉಳಿದ 99,900 ಪ್ರಾಮಾಣಿಕರಲ್ಲಿ 23,976 ಜನರನ್ನೂ ಸುಳ್ಳರೆಂದು ಪಕ್ಕಕ್ಕೆ ನಿಲ್ಲಿಸುತ್ತದೆ. ಹೀಗೆ ನಿಂತವರ ಸಾಲಿನಲ್ಲಿ ಒಬ್ಬ ನಿಜವಾದ ಸುಳ್ಳನಿಗೆ ಮುನ್ನೂರಕ್ಕೂ ಹೆಚ್ಚು ನಿರಪರಾಧಿಗಳು ಸಿಗುತ್ತಾರೆ. ಭಯೋತ್ಪಾದಕರು ಅತಿ ವಿರಳವಾದ್ದರಿಂದ, ಅವರನ್ನು ಜನಸಂದಣಿಯಲ್ಲಿ ಹೆಕ್ಕುತ್ತೇವೆನ್ನುವ ಯಾವ ತಂತ್ರವೂ ಈ ಗಣಿತದಿಂದ ಪಾರಾಗದು. ಅನುದಾನ ಮಂಜೂರು ಮಾಡುವವರ ಮೇಜಿನ ಮೇಲೆ ಮೊದಲು ಬರಬೇಕಾದ ಹಾಳೆ ಇದು.

ಯೋಜನೆಯ ದಾಖಲೆಗಳನ್ನು ಬಹಿರಂಗಪಡಿಸಬೇಕೆಂದು ಮುಂದೆ ಯುರೋಪಿಯನ್ ಸಂಸತ್ತಿನ ಸದಸ್ಯರಾದ ಜರ್ಮನಿಯ ಪ್ಯಾಟ್ರಿಕ್ ಬ್ರೆಯರ್ ದಾವೆ ಹೂಡಿದರು. ಒಕ್ಕೂಟದ ಸಾಮಾನ್ಯ ನ್ಯಾಯಾಲಯವು 2021ರ ಡಿಸೆಂಬರ್‌ನಲ್ಲಿ ಭಾಗಶಃ ಮಾತ್ರ ಅವರ ಪರ ತೀರ್ಪಿತ್ತಿತು, ಮೇಲ್ಮನವಿ 2023ರ ಸೆಪ್ಟೆಂಬರ್‌ನಲ್ಲಿ ವಜಾ ಆಯಿತು. ಪಾಲುದಾರ ಸಂಸ್ಥೆಗಳ ವಾಣಿಜ್ಯ ಹಿತ ಕಾಯಬೇಕೆಂಬ ವಾದ ಬಹುಮಟ್ಟಿಗೆ ಗೆದ್ದಿತು. ತೆರಿಗೆ ಕಟ್ಟಿದವರ ಹಣದಲ್ಲಿ, ಆ ತೆರಿಗೆದಾರರ ಮುಖವನ್ನೇ ಓದಲು ತಯಾರಾದ ಯಂತ್ರದ ವಿಷಯದಲ್ಲಿ ಈ ವಾದ ನನಗಂತೂ ಒಪ್ಪಿಗೆಯಾಗಲಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ವ್ಯವಸ್ಥೆ ಇದೆಯೇ?
— ಓದುಗರೊಬ್ಬರು, ಧಾರವಾಡ

ಉತ್ತರ: ಗೃಹ ಸಚಿವಾಲಯದ ಅಡಿಯಲ್ಲಿ 1970ರ ಆಗಸ್ಟ್ 28ರಂದು ಸ್ಥಾಪನೆಯಾದ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೊ ಇಂಥ ಅಧ್ಯಯನಗಳಿಗೆ ನೆರವು ನೀಡುತ್ತದೆ. ವಿಧಿವಿಜ್ಞಾನಕ್ಕೆಂದು 2020ರ ಕಾಯ್ದೆಯಡಿ ರಾಷ್ಟ್ರೀಯ ವಿಶ್ವವಿದ್ಯಾಲಯವೊಂದಿದೆ. ಅದರ ಆವರಣಕ್ಕೆ ತಮ್ಮ ಧಾರವಾಡದಲ್ಲಿಯೇ 2023ರ ಜನವರಿಯಲ್ಲಿ ಶಂಕುಸ್ಥಾಪನೆ ನಡೆದದ್ದು ತಮಗೆ ನೆನಪಿರಬಹುದು. ಆದರೆ ವಿಧಿವಿಜ್ಞಾನದ ಕೆಲಸ ಶುರುವಾಗುವುದು ಕೃತ್ಯ ನಡೆದ ಮೇಲೆ. ಅದಕ್ಕೂ ಮೊದಲಿನ ಕಥೆ ಬೇಕಾದರೆ ಊರು, ಮನೆ, ಮೊಬೈಲು, ನಿರುದ್ಯೋಗ, ಅವಮಾನಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ ಸಮಾಜಶಾಸ್ತ್ರಜ್ಞರೂ ಮನಃಶಾಸ್ತ್ರಜ್ಞರೂ ಬೇಕು.

ಯುರೋಪಿನ ಯೋಜನೆಗಳಲ್ಲಿ ಭಾರತದ ಸಂಸ್ಥೆಗಳು ಪಾಲುದಾರರಾಗಲು ಅವಕಾಶವಿದೆ. ಅವರ ನಿಧಿಯಿಂದ ನಮಗೆ ತಾನಾಗಿ ಹಣ ಸಿಗುವುದಿಲ್ಲವಾದ್ದರಿಂದ, ಸಾಮಾನ್ಯವಾಗಿ ನಮ್ಮ ಪಾಲಿನ ಖರ್ಚನ್ನು ನಾವೇ ಹೊಂದಿಸಿಕೊಳ್ಳಬೇಕು. ಆದರೆ ಅಲ್ಲಿ ಯಾವ ಯೋಜನೆಗೆ ಎಷ್ಟು ಕೊಟ್ಟರು, ಪಾಲುದಾರರು ಯಾರು ಎಂಬುದು ‘ಕಾರ್ಡಿಸ್’ ಎಂಬ ಸಾರ್ವಜನಿಕ ದತ್ತಕೋಶದಲ್ಲಿದೆ. ಅದನ್ನು ಧಾರವಾಡದಲ್ಲಿ ಕುಳಿತೇ, ಬಿಡಿಗಾಸಿನ ಖರ್ಚಿಲ್ಲದೆ ತೆರೆದು ನೋಡಬಹುದು.