ಓದುಗರ ಪ್ರಶ್ನೆ: ಪ್ರೋಗ್ರಾಮಿಂಗ್ ಭಾಷೆಗಳ ಪ್ರೊಫೆಸರ್ ಆಗುವುದು ಹೇಗೆ?

ಪ್ರಶ್ನೆ: ಬಿ.ಇ. ಕಂಪ್ಯೂಟರ್ ಸೈನ್ಸ್ ಮೂರನೇ ವರ್ಷದಲ್ಲಿದ್ದೇನೆ. ಪ್ರೋಗ್ರಾಮಿಂಗ್ ಭಾಷೆಗಳಲ್ಲೇ ಸಂಶೋಧನೆ ಮಾಡಿ ಪ್ರೊಫೆಸರ್ ಆಗುವಾಸೆ. ಸಿ, ಜಾವಾ, ಪೈಥಾನ್ ಬರುತ್ತವೆ. ಇನ್ನು ಯಾವ ಭಾಷೆ ಕಲಿಯಲಿ?
– ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಕಲಿತದ್ದು ಸಾಕು, ಈಗ ಒಂದು ಭಾಷೆಯನ್ನು ನೀವೇ ಕಟ್ಟಿ. ಸಂಖ್ಯೆ, ವೇರಿಯಬಲ್, ಫಂಕ್ಷನ್ ಇಷ್ಟೇ ಇರುವ ಪುಟ್ಟ ಭಾಷೆಗೆ ಪೈಥಾನ್‌ನಲ್ಲಿ ಇಂಟರ್‌ಪ್ರಿಟರ್ (ಅದನ್ನು ಓದಿ ಓಡಿಸುವ ಪ್ರೋಗ್ರಾಮ್) ಬರೆಯಿರಿ: ಬರಹವನ್ನು ಟೋಕನ್‌ಗಳಾಗಿ, ಅಂದರೆ ಪದ-ಚಿಹ್ನೆಗಳ ತುಣುಕುಗಳಾಗಿ ಒಡೆದು, ಅವುಗಳ ರಚನೆ ಗುರುತಿಸುವ ಪಾರ್ಸರ್‌ನಿಂದ ಟ್ರೀ ಮಾಡಿ, ಆ ಟ್ರೀಯಿಂದ ಉತ್ತರ ತೆಗೆಯಬೇಕು. 10-4-3 ಕೊಟ್ಟಾಗ 9 ಬಂತೆಂದರೆ ಪಾರ್ಸರ್ ಅದನ್ನು 10-(4-3) ಎಂದು ಓದಿದೆ, ಬರಬೇಕಾದದ್ದು 3. ಇದು ಬೇಗ ಕಣ್ಣಿಗೆ ಬೀಳುತ್ತದೆ. ಸತಾಯಿಸುವ ತಪ್ಪು ಬೇರೆ: ಫಂಕ್ಷನ್ ಒಳಗಿನ 'ಎಕ್ಸ್' ಬೆಲೆಯನ್ನು ಅದನ್ನು ಕರೆದ ಜಾಗದಲ್ಲಿ ಹುಡುಕುವುದು. ಹಾಗಾದರೆ ಕರೆದ ಕಡೆ ಇನ್ನೊಂದು 'ಎಕ್ಸ್' ಇದ್ದರೆ ಉತ್ತರವೇ ಕೆಡುತ್ತದೆ. ಫಂಕ್ಷನ್ ಹುಟ್ಟಿದ ಜಾಗದ ಬೆಲೆಗಳನ್ನು ಅದರ ಜೊತೆಗೇ ಇಡಬೇಕು. ಕ್ಲೋಷರ್ ಅನ್ನುವುದು ಇದಕ್ಕೇ.

ಆಮೇಲೆ ಟೈಪ್ ಚೆಕರ್ (ಸಂಖ್ಯೆಯ ಜಾಗದಲ್ಲಿ ಫಂಕ್ಷನ್ ಬಂದಂಥ ತಪ್ಪನ್ನು ಓಡಿಸುವ ಮೊದಲೇ ಹಿಡಿಯುವ ಭಾಗ) ಸೇರಿಸಿ, ಅದನ್ನು ದಾಟಿದ ಪ್ರೋಗ್ರಾಮ್ ಓಡುವಾಗ ಟೈಪ್ ತಪ್ಪಿನಿಂದ ನಡುವೆ ನಿಲ್ಲುವುದಿಲ್ಲ ಎಂದು ಗಣಿತದ ಇಂಡಕ್ಷನ್‌ನಿಂದ ಸಾಧಿಸಿ. ಮೊದಲು ಹಾಳೆಯ ಮೇಲೆ, ನಂತರ ಗಣಿತದ ಸಾಧನೆಗಳನ್ನು ಪರೀಕ್ಷಿಸುವ ತಂತ್ರಾಂಶವಾದ ಲೀನ್‌ನಲ್ಲಿ. ಈ ಕ್ಷೇತ್ರದಲ್ಲಿ ದಿನನಿತ್ಯದ ಕೆಲಸ ಇಂಥದ್ದೇ. ಇದು ಬೇಸರ ತರಿಸಿದರೆ ಕಂಪೈಲರ್ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ಕಡೆ ಹೊರಳಿ. ಅಲ್ಲಿ ಗಣಿತದ ಸಾಧನೆಗಿಂತ ವೇಗದ ಅಳತೆ ಹೆಚ್ಚು.

ಗೇಟ್ ಬರೆಯಿರಿ, ಅಂಕ 3 ವರ್ಷ ನಡೆಯುತ್ತದೆ. ಐಐಎಸ್‌ಸಿಗೆ ಬಿ.ಇ. ಆದವರೂ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಬಹುದು. ಸಂಸ್ಥೆಯ ಹೆಸರಿಗಿಂತ ಗೈಡ್ ಮುಖ್ಯ: ಅವರ ಇತ್ತೀಚಿನ ಪೇಪರ್‌ಗಳನ್ನು ಓದಿ ನೋಡಿ. ಈ ಕ್ಷೇತ್ರದ ಮುಖ್ಯ ಸಮ್ಮೇಳನಗಳಾದ ಪಿಒಪಿಎಲ್, ಪಿಎಲ್‌ಡಿಐ ಪೇಪರ್‌ಗಳು ಈಗ ಪುಕ್ಕಟೆ ಸಿಗುತ್ತವೆ. ಪೀಠಿಕೆ, ಮೊದಲ ಉದಾಹರಣೆ ಅರ್ಥವಾದರೆ ಸದ್ಯಕ್ಕೆ ಸಾಕು. ಪಿಒಪಿಎಲ್‌ಗೆ ಜುಲೈನಲ್ಲಿ, ಪಿಎಲ್‌ಡಿಐಗೆ ನವೆಂಬರ್‌ನಲ್ಲಿ ಪೇಪರ್ ಕಳಿಸುತ್ತಾರೆ. ಮೊದಲನೆಯದರಲ್ಲಿ ತಿರಸ್ಕೃತವಾದದ್ದನ್ನು ತಿದ್ದಿ ಎರಡನೆಯದಕ್ಕೆ ಕಳಿಸುವುದು ಮಾಮೂಲು.

ಪ್ರಶ್ನೆ: ಮಗಳು ಪಿಎಚ್.ಡಿ. ಅಂತಾಳೆ. ಐದು ವರ್ಷ ನಾವೇ ದುಡ್ಡು ಹಾಕಬೇಕಾ? ರಾಯಚೂರಲ್ಲೇ ಆಗಲ್ವಾ?
– ತಂದೆ, ಸಿಂಧನೂರು

ಉತ್ತರ: ಐಐಟಿ, ಐಐಎಸ್‌ಸಿಯಂಥ ಕಡೆ ಪೂರ್ಣಾವಧಿ ಸೀಟು ಸಿಕ್ಕರೆ ಫೆಲೋಶಿಪ್ ಇರುತ್ತದೆ: 2023ರ ದರದಂತೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ನಂತರ 42,000. ಫೆಲೋಶಿಪ್ ಇಲ್ಲದ ಸೀಟಾದರೆ ಫೀಸು ನಿಮ್ಮ ತಲೆಗೇ. ಪ್ರವೇಶ ಪತ್ರ ಓದಿಯೇ ಒಪ್ಪಿಕೊಳ್ಳಿ. ರಾಯಚೂರಿನ ಐಐಐಟಿಯನ್ನೂ ವಿಚಾರಿಸಿ, ಆದರೆ ಊರಿಗೆ ಹತ್ತಿರ ಅಂತ ಬೇಡ. ಅವಳ ವಿಷಯದ ಗೈಡ್ ಅಲ್ಲಿದ್ದರೆ ಮಾತ್ರ.