ಮೊದಲ ದಿನವೇ ಕೀಬೋರ್ಡ್ ಮಕ್ಕಳ ಕೈಗೆ ಕೊಡಿ

ಸೇಡಂ ತಾಲ್ಲೂಕಿನ ಹೈಸ್ಕೂಲೊಂದರ ಕಂಪ್ಯೂಟರ್ ಶಿಕ್ಷಕಿ ಬರೆದಿದ್ದಾರೆ: "ಒಂಬತ್ತನೇ ತರಗತಿಯಲ್ಲಿ 46 ಮಕ್ಕಳು. ಲ್ಯಾಬಿನಲ್ಲಿ 14 ಕಂಪ್ಯೂಟರ್, ನಡೆಯುವವು 11. ಹೋದ ಜೂನ್‌ನಲ್ಲಿ ಮೊದಲ ದಿನ ಲ್ಯಾಬಿನ ನಿಯಮ ಬರೆಸಿದೆ, ಎರಡನೇ ದಿನ ‘ಕಂಪ್ಯೂಟರ್ ಎಂದರೇನು’ ಬರೆಸಿದೆ. ದಸರೆಯ ಹೊತ್ತಿಗೆ ಮಕ್ಕಳಿಗೂ ಬೇಸರ, ನನಗೂ ಬೇಸರ. ಪರೀಕ್ಷೆ ಹತ್ತಿರ ಬಂದರೆ ನನ್ನ ಪಿರಿಯಡ್ ಗಣಿತಕ್ಕೆ ಹೋಗುತ್ತದೆ, ನಾನು ಆಫೀಸಿನ ಆನ್‌ಲೈನ್ ಎಂಟ್ರಿಗೆ ಹೋಗುತ್ತೇನೆ. ಈ ವರ್ಷವಾದರೂ ಚೆನ್ನಾಗಿ ಶುರು ಮಾಡಬೇಕೆಂಬ ಆಸೆ. ಮೊದಲ ವಾರ ಏನು ಮಾಡಲಿ?"

ಮೇಡಂ ಅವರೇ,

ಮೊದಲ ಪಿರಿಯಡ್ಡಿನಲ್ಲಿ ಏನೂ ಬರೆಸಬೇಡಿ. ನಿಯಮವೂ ಬೇಡ, ವ್ಯಾಖ್ಯೆಯೂ ಬೇಡ. ಒದ್ದೆ ಕೈಯಲ್ಲಿ ಪ್ಲಗ್ ಮುಟ್ಟಬಾರದು ಎಂಬ ಒಂದೇ ಮಾತು ಹೇಳಿ ಮಕ್ಕಳನ್ನು ಕೂಡಿಸಿ, ಕೀಬೋರ್ಡ್ ಕೊಟ್ಟುಬಿಡಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ನಾನು ಅಚ್ಚಿನ ಮೊಳೆ ಜೋಡಿಸುವ ಪ್ರೆಸ್ಸಿನಿಂದ ಬಂದವನು. ಮೊಳೆ ಹೋಗಿ, ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂದಾಗ ಊರಿನ ಒಂದು ತರಬೇತಿ ಕೇಂದ್ರಕ್ಕೆ ಫೀಸು ಕಟ್ಟಿ ಸೇರಿದೆ. ಮೂರು ವಾರ ಚಪ್ಪಲಿ ಹೊರಗೆ ಬಿಟ್ಟು, ಕೈ ಕಟ್ಟಿ ನಿಂತು, ಇನ್ನೊಬ್ಬರು ಒತ್ತುವುದನ್ನು ನೋಡಿದ್ದೇ ಬಂತು. ನೋಟ್‌ಬುಕ್ಕಿನಲ್ಲಿ ಇನ್‌ಪುಟ್, ಔಟ್‌ಪುಟ್ ಎಲ್ಲ ಅಚ್ಚುಕಟ್ಟಾಗಿ ಇತ್ತು. ಆದರೆ ಪ್ರೆಸ್ಸಿಗೆ ಬಂದು ಮಿಷನ್ ಮುಂದೆ ಕೂತಾಗ ಎಂಟರ್ ಒತ್ತಲು ಬೆರಳು ನಡುಗಿತು. ಆ ಹೆದರಿಕೆ ಬಿಡಲು ವರ್ಷ ಹಿಡಿಯಿತು. ನಿಮ್ಮ ಮಕ್ಕಳ ಆ ವರ್ಷ ಉಳಿಯಲಿ ಎಂಬುದೇ ನನ್ನ ಆಸೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆದಿಟ್ಟು ಇಷ್ಟೇ ಹೇಳಿ: 152207 ಒತ್ತಿ, ಗುಣಿಸುವ ನಕ್ಷತ್ರ ಚಿಹ್ನೆ (*) ಒತ್ತಿ, 73 ಒತ್ತಿ, ಎಂಟರ್. ತೆರೆಯ ಮೇಲೆ 11111111 ಬರುತ್ತದೆ, ಎಂಟು ಒಂದು ಸಾಲಾಗಿ. ‘ಹ್ಞಾಂ!’ ಎನ್ನುವ ಸದ್ದು ತಾನಾಗಿ ಏಳುತ್ತದೆ. ಆಗ ಹೇಳಿ, ಈ ಲೆಕ್ಕ ಕಟ್ಟಿದವರು ಮಹಾವೀರಾಚಾರ್ಯರು. ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದವರು. ಅದರ ಆರಂಭದಲ್ಲೇ ಅವರು ಹೊಗಳುವ ದೊರೆ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟ ಅಂದರೆ ನಿಮ್ಮ ತಾಲ್ಲೂಕಿನದೇ ಮಳಖೇಡ, ಕಾಗಿಣಾ ದಂಡೆ. ಹಿಂದೆ ಮುಂದೆ ಒಂದೇ ಥರ ಓದುವ ಇಂಥ ಗುಣಲಬ್ಧಗಳನ್ನು ಮಹಾವೀರರು ಕೊರಳ ಹಾರಕ್ಕೆ ಹೋಲಿಸುತ್ತಾರೆ. 139 ಗುಣಿಸು 109 ಕೂಡ ಅಂಥದೇ, 15151.

ಅದೇ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ನಮ್ಮ ದೇಶದ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಬರೆದರು. ಅವರ ಹೆಸರು ಲ್ಯಾಟಿನ್ನಿಗೆ ಹೋಗಿ ಹೊರಳಿ ‘ಅಲ್ಗಾರಿದಮ್’ ಆಯಿತು. ಕಂಪ್ಯೂಟರ್ ಅಂದರೆ ಬೆಂಗಳೂರಿನದು, ಅಮೆರಿಕದ್ದು ಎಂದುಕೊಂಡ ಹುಡುಗನಿಗೆ ಮಳಖೇಡದ ಕೋಟೆ ಗೊತ್ತು. ಈ ವಿದ್ಯೆಯ ಬೇರು ಬಸ್ಸಿನ ಕಿಟಕಿಯಲ್ಲಿ ಕಾಣುವ ಆ ಕೋಟೆಯ ಕಾಲಕ್ಕೂ ಹೋಗುತ್ತದೆ ಎಂದು ಮೊದಲ ದಿನವೇ ತಿಳಿಯಲಿ.

ಆ ಎಂಟು ಒಂದನ್ನು ಅಳಿಸಬೇಡಿ, ಮರುದಿನಕ್ಕೆ ಬೇಕು. ವಿಂಡೋಸಿನ ಕ್ಯಾಲ್ಕುಲೇಟರಿನಲ್ಲಿ ‘ಪ್ರೋಗ್ರಾಮರ್’ ಎಂಬ ಬಗೆ ಇದೆ. ಅಲ್ಲಿ ಬೈನರಿ, ಅಂದರೆ ಸೊನ್ನೆ ಮತ್ತು ಒಂದು ಎರಡೇ ಅಂಕಿಯ ಲೆಕ್ಕ, ಆರಿಸಿ ಅದೇ ಎಂಟು ಒಂದು ಒತ್ತಿಸಿ. ನಿನ್ನೆ ಒಂದು ಕೋಟಿ ದಾಟಿದ್ದ ಸಂಖ್ಯೆ ಇವತ್ತು ಬರೀ 255. ‘ಯಾಕ್ರಿ ಮೇಡಂ?’ ಎಂದು ಒಬ್ಬರಾದರೂ ಕೇಳುತ್ತಾರೆ. ಉತ್ತರ ಹೇಳಬೇಡಿ, ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ. ಹೇಗೂ ಜೂನ್ ಮೊದಲ ವಾರ ನಮ್ಮ ಕಡೆ ಮಳೆ ಹಿಡಿದಿರುವುದಿಲ್ಲ, ಕರೆಂಟಿಗೂ ನಂಬಿಕೆಯಿಲ್ಲ.

ಐದು ಮಕ್ಕಳ ಎದೆಗೆ ರಟ್ಟಿನ ಚೀಟಿ ತೂಗುಹಾಕಿ: 16, 8, 4, 2, 1. ಎದ್ದು ನಿಂತರೆ ಒಂದು, ಕೂತರೆ ಸೊನ್ನೆ. ಉಳಿದವರು ತಮ್ಮ ಹುಟ್ಟಿದ ತಾರೀಖು ಕೂಗಲಿ, ಐವರು ಅದನ್ನು ಮಾಡಿ ತೋರಿಸಲಿ. 19 ಅಂದರೆ ಹದಿನಾರು, ಎರಡು, ಒಂದು ಎದ್ದು ನಿಲ್ಲಬೇಕು. ಐವರೂ ನಿಂತರೆ 31, ಅದಕ್ಕಿಂತ ದೊಡ್ಡ ತಾರೀಖು ಯಾವ ತಿಂಗಳಲ್ಲೂ ಇಲ್ಲ. ಇನ್ನೂ ಮೂವರು 32, 64, 128 ಹಿಡಿದು ನಿಂತರೆ ಎಂಟು ಒಂದು, ಅದೇ ನಿಮ್ಮ 255. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದವರು ಬಹಳ. ಸುಮಾರು ಮಕ್ಕಳು ‘ಒಂದು’ ಎಂದೇ ಕೂಗಿ ಒಬ್ಬಳೇ ಎದ್ದು ಕೂರಬೇಕಾದೀತು. ಅಂಥವರಿಗೆ ಇಷ್ಟದ ತಾರೀಖು ಕೇಳಿ, ಸಂತೋಷವಾಗಿ ಹೇಳುತ್ತಾರೆ.

11 ಕಂಪ್ಯೂಟರಿಗೆ 46 ಮಕ್ಕಳು ಎಂಬ ನಿಮ್ಮ ಸಂಕಟಕ್ಕೂ ದಾರಿ ಇಲ್ಲೇ ಇದೆ. ಅರ್ಧ ತರಗತಿ ಮರದ ಕೆಳಗೆ, ಅರ್ಧ ಲ್ಯಾಬಿನಲ್ಲಿ. 23 ಮಕ್ಕಳು ಅಂದರೆ ಒಂದು ಮಿಷನ್ನಿಗೆ ಇಬ್ಬರು, ಒಂದಕ್ಕೆ ಮಾತ್ರ ಮೂವರು. ಒಬ್ಬರು ಒತ್ತಬೇಕು, ಪಕ್ಕದವರು ಹೇಳಬೇಕು, ಹತ್ತು ನಿಮಿಷಕ್ಕೆ ಜಾಗ ಬದಲು. ಇದನ್ನು ಗಡಿಯಾರ ನೋಡಿ ಮಾಡಿಸಿ, ಮಕ್ಕಳ ಪಾಲಿಗೆ ಬಿಡಬೇಡಿ. ಬಿಟ್ಟರೆ ಮನೆಯಲ್ಲಿ ಕಂಪ್ಯೂಟರ್ ಇದ್ದ ಹುಡುಗನ ಕೈಯಲ್ಲೇ ಮೌಸ್ ಉಳಿಯುತ್ತದೆ, ಹುಡುಗಿಯರು ವರ್ಷವಿಡೀ ಭುಜದ ಹಿಂದಿನಿಂದ ಇಣುಕುತ್ತಾರೆ. ನಾನು ನೋಡಿದ ಲ್ಯಾಬುಗಳಲ್ಲೆಲ್ಲ ಇದೇ ಕಂಡು ಮನಸ್ಸಿಗೆ ನೋವಾಗಿದೆ.

ಮೂರನೇ ದಿನ ಹೆಸರು. ಕನ್ನಡದಲ್ಲಿ ‘ಸೇಡಂ’ ಎಂದು ಟೈಪ್ ಮಾಡಿಸಿ, ಪೈಥಾನಿನಲ್ಲಿ ಉದ್ದ ಎಣಿಸುವ ‘ಲೆನ್’ (len) ಆದೇಶ ಕೊಟ್ಟು ಎಷ್ಟು ಅಕ್ಷರ ಎಂದು ಕೇಳಿಸಿ. ಮಕ್ಕಳ ಲೆಕ್ಕಕ್ಕೆ ಎರಡು, ಕಂಪ್ಯೂಟರ್ ನಾಲ್ಕು ಎನ್ನುತ್ತದೆ. ಜಗಳವಾಗಲಿ, ಬಿಡಿ. ಎಲ್ಲ ಭಾಷೆಯ ಅಕ್ಷರಕ್ಕೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಸ ಒಂದು, ಅದರ ಏತ್ವ ದೀರ್ಘ ಒಂದು, ಡ ಒಂದು, ಸೊನ್ನೆ ಒಂದು. ಪ್ರತಿಯೊಂದಕ್ಕೂ ಒಂದೊಂದು ಸಂಖ್ಯೆ, ಕ ಅಂದರೆ 3221. ‘ಕ್ಷ’ ನಮಗೆ ಒಂದಕ್ಷರ, ಅದಕ್ಕೆ ಮೂರು: ಕ, ಅರ್ಧಾಕ್ಷರದ ಚಿಹ್ನೆ, ಷ. ಪ್ರೆಸ್ಸಿನಲ್ಲಿ ಕ ಇಟ್ಟು ಕೆಳಗೆ ಒತ್ತಕ್ಷರದ ಮೊಳೆ ಕೂಡಿಸಿದ್ದ ನನ್ನ ಕೈಗೆ ಇದು ತಟ್ಟನೆ ಹೊಳೆದಿತ್ತು. ಪ್ರತಿ ಮಗುವೂ ತನ್ನ ಹೆಸರು ಬರೆದು, ಮೊದಲು ಬೆರಳಲ್ಲಿ ಎಣಿಸಿ, ಆಮೇಲೆ ಕೇಳಲಿ. ಮುಂದೆ ಬರುವ ‘ಸ್ಟ್ರಿಂಗ್’, ಅಂದರೆ ಅಕ್ಷರಗಳ ಸಾಲಿನ ಪಾಠ ಆವತ್ತೇ ಅರ್ಧ ಮುಗಿಯುತ್ತದೆ.

ಈ ನಡುವೆ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುತ್ತಲೇ ಇರುತ್ತದೆ. ತೋರಿಸಿದ ಕೂಡಲೇ ಮಗು ಕೈ ಹಿಂದಕ್ಕೆ ಎಳೆದುಕೊಂಡು ‘ನಾ ಏನೂ ಮಾಡಿಲ್ರಿ ಮೇಡಂ, ತಾನೇ ಬಂತ್ರಿ’ ಎನ್ನುತ್ತದೆ. ಆ ಕ್ಷಣದಲ್ಲಿ ನಿಮ್ಮ ಮುಖ ಹೇಗಿರುತ್ತದೆ ಎಂಬುದರ ಮೇಲೆ ವರ್ಷ ನಿಂತಿದೆ ಎಂದು ನಾನು ನಂಬುತ್ತೇನೆ. ನೀವು ಮೌಸ್ ಕಸಿದು ಸರಿ ಮಾಡಬೇಡಿ. ಕೊನೆಯ ಸಾಲು ಓದು ಎನ್ನಿ, ಇಂಗ್ಲಿಷ್ ತೊಡಕಾದರೆ ಕೂತು ಬಿಡಿಸಿ ಹೇಳಿ, ತಿದ್ದುವ ಕೈ ಅದರದೇ ಇರಲಿ. ಮೊದಲ ಮಳೆಗೆ ದೀಪದ ಹುಳ ಲ್ಯಾಬಿಗೆ ನುಗ್ಗಿದಾಗ 1947ರ ಸೆಪ್ಟೆಂಬರ್ 9ರ ಮಾತು ಹೇಳಿ. ಹಾರ್ವರ್ಡ್ ಮಾರ್ಕ್ 2 ಎಂಬ ಹಳೆಯ ಕಂಪ್ಯೂಟರಿನ ರಿಲೇಯಲ್ಲಿ, ಅಂದರೆ ಕರೆಂಟಿನಿಂದ ನಡೆಯುವ ಸ್ವಿಚ್ಚಿನಲ್ಲಿ, ಪತಂಗವೊಂದು ಸಿಕ್ಕಿತ್ತು, ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿಟ್ಟರು. ತಪ್ಪಿಗೆ ‘ಬಗ್’ (ಹುಳ) ಎನ್ನುವ ರೂಢಿ ಅದಕ್ಕೂ ಮೊದಲಿನದು. ನೀವೂ ಒಂದು ನೋಟ್‌ಬುಕ್ ಇಡಿ, ವಾರದ ಒಳ್ಳೆಯ ತಪ್ಪನ್ನು ಮಕ್ಕಳೇ ಅದರಲ್ಲಿ ಬರೆಯಲಿ.

ನಿಯಮಗಳು ಎರಡನೇ ವಾರ ಬರಲಿ, ಮಕ್ಕಳೇ ಹೇಳಲಿ.

ಪಿರಿಯಡ್ ಕಸಿಯುವ ವಿಷಯಕ್ಕೆ ನನ್ನಲ್ಲಿ ಮಂತ್ರವಿಲ್ಲ. ಆದರೆ ಜನವರಿಯಲ್ಲಿ ಬೇಡಿಕೊಂಡರೆ ಸಿಗದ್ದು ಜೂನ್‌ನಲ್ಲಿ ಕೇಳಿದರೆ ಸಿಗಬಹುದು. ವೇಳಾಪಟ್ಟಿ ಬರೆಯುವ ದಿನವೇ ಹೆಡ್‌ಮಾಸ್ತರರ ಮುಂದೆ ಕೂತು, ವಾರಕ್ಕೆ ಎರಡು ಪಿರಿಯಡ್ ಯಾರಿಗೂ ಹೋಗದಂತೆ ಬರೆಸಿಕೊಳ್ಳಿ. ಸಾಧ್ಯವಾದರೆ ಅವರನ್ನು ಮರದ ಕೆಳಗಿನ ಆಟಕ್ಕೆ ಕರೆದು, ಹದಿನಾರರ ಚೀಟಿ ಅವರ ಕೊರಳಿಗೇ ಹಾಕಿ.

ಇನ್ನು ಕೆಟ್ಟುಹೋದ ಆ ಮೂರು ಕಂಪ್ಯೂಟರ್. ಸ್ಟಾಕ್ ರಿಜಿಸ್ಟರಿನಲ್ಲಿರುತ್ತವೆ, ಆದ್ದರಿಂದ ಹೆಡ್‌ಮಾಸ್ತರರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಆಮೇಲೆ ಒಂದನ್ನು ಮೇಜಿನ ಮೇಲಿಟ್ಟು, ವೈರ್ ಕಿತ್ತು, ಸ್ಕ್ರೂಡ್ರೈವರ್ ಮಕ್ಕಳಿಗೆ ಕೊಡಿ. ರ್‍ಯಾಮ್ (ನೆನಪಿನ ಪಟ್ಟಿ) ಬಿಚ್ಚಿ ಹಾಕಲಿ, ಫ್ಯಾನಿನಲ್ಲಿ ಕಟ್ಟಿದ ನಮ್ಮೂರ ದೂಳು ತೆಗೆಯಲಿ. ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಮಾತ್ರ ಯಾರೂ ತೆರೆಯಬಾರದು, ವೈರ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿ ಹಾಕಿಸಿ.

ಜುಲೈನಲ್ಲಿ ಮತ್ತೆ ಬರೆಯಿರಿ. ತರಗತಿಯಲ್ಲಿ ಯಾರ ಹೆಸರು ಎಲ್ಲರಿಗಿಂತ ಉದ್ದ ಬಂತು, ನೋಟ್‌ಬುಕ್ಕಿನಲ್ಲಿ ಮೊದಲು ಬರೆದ ತಪ್ಪು ಯಾವುದು, ತಿಳಿಯುವ ಆಸೆ ಇದೆ.

— ಸಂಪಾದಕ