ಓದುಗರ ಪ್ರಶ್ನೆ: ಮಿದುಳನ್ನು ನೋಡಲು ಒಂದೇ ಯಂತ್ರ ಸಾಲದೇ?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿಯಲ್ಲಿ ಅಡಿಕೆ ತೋಟದ ಮನೆ. ಕಳೆದ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಎರಡು ಸಲ ಫಿಟ್ಸ್ ಬಂತು. ಹುಬ್ಬಳ್ಳಿಗೆ ಕರೆದುಕೊಂಡು ಹೋದಾಗ ತಲೆಗೆ ತಂತಿ ಅಂಟಿಸಿ ಇಇಜಿ ಮಾಡಿದರು. ಅದಾದ ಮೇಲೆ ಎಂಆರ್‌ಐ ಕೂಡ ಬೇಕೆಂದರು. ಎರಡೂ ಮಿದುಳನ್ನೇ ನೋಡುವುದಾದರೆ ಒಂದು ಸಾಲದೇ? ಇಂಥ ಯಂತ್ರಗಳಿಂದ ವಿಜ್ಞಾನಿಗಳು ನಮ್ಮ ಯೋಚನೆಯನ್ನೂ ಓದುತ್ತಾರೆ ಎಂಬುದು ನಿಜವೇ?

ಉತ್ತರ: ನಿಮ್ಮ ತಂದೆಯವರು ಈಗ ಆರೋಗ್ಯದಿಂದಿರುವರೆಂದು ನಂಬುತ್ತೇನೆ. ಒಂದು ಪರೀಕ್ಷೆ ಸಾಲದು. ಏಕೆಂದರೆ ಅವೆರಡೂ ನೋಡುವ ಸಂಗತಿಗಳೇ ಬೇರೆ.

ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಸಾವಿರಾರು ಕೋಶಗಳು ಒಟ್ಟಾಗಿ ಮಿಡಿದಾಗ ಅದರ ಅಲೆ ತಲೆಬುರುಡೆಯನ್ನು ದಾಟಿ ಚರ್ಮದವರೆಗೂ ಬರುತ್ತದೆಯಾದರೂ, ಅಷ್ಟರೊಳಗೆ ಅದು ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಹತ್ತಾರು ಪಾಲಿನಷ್ಟೇ ಉಳಿದಿರುತ್ತದೆ. ಜರ್ಮನಿಯ ಯೇನಾದಲ್ಲಿ ಮನೋವೈದ್ಯರಾಗಿದ್ದ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಇದನ್ನು ಮೊದಲ ಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಇಜಿ ಎಂದರೆ ಇದೇ. ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಆದ ಬದಲಾವಣೆಯೂ ಅದಕ್ಕೆ ಸಿಗುತ್ತದೆ. ಆದರೆ ಅದು ಹುಟ್ಟಿದ ಜಾಗ ಖಚಿತವಾಗಿ ತಿಳಿಯದು. ರಾತ್ರಿ ಗುಡ್ಡದಾಚೆ ಯಕ್ಷಗಾನ ನಡೆಯುತ್ತಿದ್ದರೆ ಮನೆಯ ಜಗಲಿಯಲ್ಲಿ ಕುಳಿತವರಿಗೆ ಚಂಡೆಯ ಪೆಟ್ಟುಗಳೆಲ್ಲ ಕೇಳಿಸುತ್ತವೆ, ತಾಳ ತಪ್ಪಿದರೂ ಗೊತ್ತಾಗುತ್ತದೆ, ಆದರೆ ರಂಗಸ್ಥಳ ಯಾರ ಗದ್ದೆಯಲ್ಲಿದೆ ಎಂದು ಹೇಳಲಾಗುವುದಿಲ್ಲ.

ಎಂಆರ್‌ಐ ಆ ಗದ್ದೆಯನ್ನು ತೋರಿಸುವ ವಿಧಾನ. ಬಲವಾದ ಅಯಸ್ಕಾಂತದೊಳಗೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳಿಂದ ಬರುವ ಸಂಕೇತವನ್ನು ಹಿಡಿದು ಮಿದುಳಿನ ರಚನೆಯನ್ನು ಅದು ಚಿತ್ರವಾಗಿಸುತ್ತದೆ. ಗಡ್ಡೆ, ಹಳೆಯ ಗಾಯದ ಕಲೆ, ರಕ್ತನಾಳದ ದೋಷ ಇತ್ಯಾದಿ ಕಾರಣಗಳಿಂದ ಫಿಟ್ಸ್ ಬಂದಿದೆಯೇ ಎಂದು ತಿಳಿಯಲು ವೈದ್ಯರು ಅದನ್ನು ಕೇಳಿದ್ದಾರೆ.

ಸಂಶೋಧಕರು ಇದೇ ಯಂತ್ರವನ್ನು ಇನ್ನೊಂದು ರೀತಿಯಲ್ಲಿಯೂ ಬಳಸುತ್ತಾರೆ. ನಿಮ್ಮ ಎರಡನೆಯ ಪ್ರಶ್ನೆ ಅಲ್ಲಿಗೇ ಬರುತ್ತದೆ. ಮಿದುಳಿನ ಯಾವುದೇ ಭಾಗ ಹೆಚ್ಚು ದುಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿಯುತ್ತದೆ. ಆಮ್ಲಜನಕವಿರುವ ರಕ್ತಕ್ಕೂ ಅದನ್ನು ಕಳೆದುಕೊಂಡ ರಕ್ತಕ್ಕೂ ಅಯಸ್ಕಾಂತದೆದುರು ಇರುವ ವ್ಯತ್ಯಾಸವನ್ನು ಬಳಸಿ ಚಿತ್ರ ತೆಗೆಯಬಹುದೆಂದು ವಿಜ್ಞಾನಿ ಸೆಯಿಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಎಫ್‌ಎಂಆರ್‌ಐ ಎಂಬ, ದುಡಿಯುತ್ತಿರುವ ಮಿದುಳನ್ನು ತೋರಿಸುವ ವಿಧಾನದ ತಳಹದಿ ಇದು. ಇಲ್ಲಿ ನಾವು ಕಾಣುವುದು ನರಕೋಶದ ಕೆಲಸವನ್ನಲ್ಲ, ಆ ಕೆಲಸಕ್ಕೆ ಕೆಲವು ಸೆಕೆಂಡು ತಡವಾಗಿ ಬಂದ ರಕ್ತವನ್ನು ಎಂಬುದನ್ನು ಒತ್ತಿ ಹೇಳಬೇಕೆನಿಸುತ್ತದೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರ ಬಳಿಗೆ ಚಹಾದ ಪಾತ್ರೆ ಯಾವ ಮೂಲೆಗೆ ಹೆಚ್ಚು ಸಲ ಹೋಯಿತು ಎಂದು ನೋಡಿ, ಅಲ್ಲಿ ಕೆಲಸ ಜೋರಾಗಿ ನಡೆದಿರಬೇಕೆಂದು ಊಹಿಸಿದಂತೆ. ಊಹೆ ಬಹುಪಾಲು ಸರಿಯಿರುತ್ತದೆ. ಆದರೆ ಸುಲಿಯುವವರು ಆಡಿದ ಮಾತು ಅದರಿಂದ ತಿಳಿಯುವುದಿಲ್ಲ. ಮನಸ್ಸಿಟ್ಟು ಸಹಕರಿಸುವ ವ್ಯಕ್ತಿಯನ್ನು ಯಂತ್ರದೊಳಗೆ ಗಂಟೆಗಟ್ಟಲೆ ಮಲಗಿಸಿ, ಅವರ ದತ್ತಾಂಶದಿಂದಲೇ ಕಂಪ್ಯೂಟರಿಗೆ ಕಲಿಸಿ, ಅವರು ಕೇಳಿಸಿಕೊಂಡ ಕಥೆಯ ಸ್ಥೂಲ ಸಾರವನ್ನು ಹೊರತೆಗೆದದ್ದುಂಟು. ಆಸ್ಪತ್ರೆಯಲ್ಲಿ ನಿಮ್ಮ ತಂದೆಯವರ ಮನಸ್ಸನ್ನು ಯಾರೂ ಓದಿಲ್ಲ.

ಒಂದು ಭಾಗಕ್ಕೆ ರಕ್ತ ಹೆಚ್ಚಾಗಿ ಹರಿಯಿತೆಂದ ಮಾತ್ರಕ್ಕೆ ಆ ಕೆಲಸಕ್ಕೆ ಆ ಭಾಗ ಬೇಕೇ ಬೇಕೆಂದು ಹೇಳಲಾಗದು. ಯಾವ ಕೆಲಸಕ್ಕೆ ಯಾವ ಭಾಗ ಬೇಕೇ ಬೇಕೆಂಬುದನ್ನು ಹೆಚ್ಚಾಗಿ ಕಲಿಸಿದವರು ರೋಗಿಗಳು. ಅಮೆರಿಕದ ಹೆನ್ರಿ ಮೊಲೈಸನ್ ಅವರ ಫಿಟ್ಸ್ ನಿಲ್ಲಿಸಲು 1953ರಲ್ಲಿ ಮಿದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್ ಎಂಬ ಭಾಗದ ದೊಡ್ಡ ಪಾಲನ್ನು ತೆಗೆದರು. ಆಮೇಲೆ ಅವರಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸುವ ಅಭ್ಯಾಸದಲ್ಲಿ ಅವರ ಕೈ ದಿನದಿಂದ ದಿನಕ್ಕೆ ಪಳಗಿತು, ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ನೆನಪಿರದಿದ್ದರೂ. ಘಟನೆಯ ನೆನಪು ಮತ್ತು ಕೈಯ ಕಲಿಕೆ ಮಿದುಳಿನಲ್ಲಿ ಬೇರೆ ಬೇರೆ ಎಂಬುದು ಯಾವ ಸ್ಕ್ಯಾನಿಗಿಂತಲೂ ಮೊದಲು ತಿಳಿದದ್ದು ಹೀಗೆ. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಬೇಸರಿಸದೆ ಪರೀಕ್ಷೆಗಳಿಗೆ ಒಳಗಾದರು. ಅವರ ಋಣ ದೊಡ್ಡದು.

ಇನ್ನು ನಿಮ್ಮ ಕೈಯಲ್ಲಿರುವ ವಿಧಾನವೊಂದಿದೆ: ಫಿಟ್ಸ್ ಬಂದಾಗ ಗಮನವಿಟ್ಟು ನೋಡುವುದು. ಯಂತ್ರಗಳಿಲ್ಲದ 19ನೆಯ ಶತಮಾನದಲ್ಲಿ ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್, ಕೆಲವರ ಫಿಟ್ಸ್ ಹೆಬ್ಬೆರಳಿನಲ್ಲಿ ಆರಂಭವಾಗಿ ತೋಳಿಗೆ, ಮುಖಕ್ಕೆ ಕ್ರಮವಾಗಿ ಏರುವುದನ್ನು ಗಮನಿಸಿ, ಮಿದುಳಿನಲ್ಲಿ ದೇಹದ ಅಂಗಗಳಿಗೆ ಗೊತ್ತಾದ ಸ್ಥಾನಗಳಿರಬೇಕೆಂದು ತರ್ಕಿಸಿದರು. ಇಇಜಿ ಮಾಡುವ ಅರ್ಧ ಗಂಟೆಯಲ್ಲಿ ಏನೂ ಕಾಣದಿದ್ದರೂ ಫಿಟ್ಸ್ ಕಾಯಿಲೆ ಇರಬಹುದಾದ್ದರಿಂದ, ಕಂಡವರ ಮಾತಿಗೆ ವೈದ್ಯರು ಇಂದಿಗೂ ಬೆಲೆ ಕೊಡುತ್ತಾರೆ. ಮತ್ತೊಮ್ಮೆ ಫಿಟ್ಸ್ ಬಂದರೆ ತಂದೆಯವರನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಐದು ನಿಮಿಷ ದಾಟಿದರೆ ಕೂಡಲೇ ಆಸ್ಪತ್ರೆಗೆ ಸಾಗಿಸಿ. ಮನೆಯ ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ. ಮೊದಲು ಅದುರಿದ್ದು ಯಾವ ಕೈ, ಮುಖ ಎತ್ತ ತಿರುಗಿತು, ಎಷ್ಟು ನಿಮಿಷಕ್ಕೆ ಎಚ್ಚರವಾಯಿತು ಎಂಬುದನ್ನು ಬರೆದಿಟ್ಟು, ಎರಡೂ ವರದಿಗಳೊಂದಿಗೆ ಮುಂದಿನ ಭೇಟಿಗೆ ಕೊಂಡೊಯ್ಯಿರಿ.